ಅಟ್ಟದ ಕೆಳಗಿನ ಬೆಚ್ಚನೆ ಕೋಣೆ

ನಂಜನಾಡು
ಅಕ್ಟೋಬರ್ 19, 2008

ಮಗಳು ಶಾಂತಲಾಗೆ,

ವಿತ್ ರೆಫರೆನ್ಸ್ ಟು ಯುವರ್ ಲೆಟರ್, ಐ ಬೆಗ್ ಟು ಸ್ಟೇಟ್... ಇದರ ಮುಂದೆ ಏನು ಬರುತ್ತಿತ್ತೋ ಮರೆತಿದೆ. ಮೈಸೂರಿನ ಕಾಲೇಜಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ವಾಕ್ಯಗಳ ತಲೆ ಮಾತ್ರ ನನ್ನ ಹತ್ತಿರ ಉಳಿದಿದೆ. ಬಾಲಗಳೆಲ್ಲ ಕ್ಯಾರೆಟ್ ಮಡಿಗಳಲ್ಲಿ ಎಲ್ಲೋ ಬಿದ್ದುಹೋದವು.

ಹೈದರಾಬಾದಿನಿಂದ ನಿನ್ನ ಕಾಗದ ಬಂದಾಗ ಒಡೆಯುವ ಮೊದಲು ಒಂದು ಲೋಟ ನೀರು ಕುಡಿದೆ. ಫೋನು ಮಾಡುವುದನ್ನೇ ಮರೆಯುವವಳು ಕಾಗದ ಬರೆದಿದ್ದಾಳೆ ಎಂದರೆ ಮದುವೆಯೋ, ಕಾಯಿಲೆಯೋ. ಒಳಗೆ ನೋಡಿದರೆ ಬೀಜದ ಆಲೂಗಡ್ಡೆ! ಎಲ್ಲಿಡುತ್ತೀರಿ, ಯಾವ ಪುಡಿ ಹಾಕುತ್ತೀರಿ, ಅದರ ಹತ್ತಿರ ಯಾರು ಮಲಗುತ್ತಾರೆ. ನಿನ್ನ ತಮ್ಮ ನಿರಂಜನ್ ಓದಿ, "ಅಕ್ಕ ಅಷ್ಟು ಓದಿ ಕೊನೆಗೆ ಆಲೂಗಡ್ಡೆಗೇ ಬಂದ್ಲಾ?" ಎಂದು ನಕ್ಕ.

ನೀನು ಹುಟ್ಟಿ ಬೆಳೆದ ಮನೆ, ನಿನಗೆ ಗೊತ್ತಿಲ್ಲದ್ದೇನಿದೆ? ಆದರೂ ಕೇಳಿದ್ದೀಯ, ಹೇಳುತ್ತೇನೆ. ಹಿಮ ಬೀಳುವ ತಿಂಗಳುಗಳಲ್ಲಿ ಹೊರಗಿಟ್ಟ ಬೀಜ ಕೊಳೆತುಹೋಗುತ್ತದೆ. ಅದಕ್ಕೇ ಅಡುಗೆಮನೆ ಪಕ್ಕದ ಕೋಣೆಯ ಅಟ್ಟಕ್ಕೆ ಏರಿಸುತ್ತೇವೆ. ಒಲೆಯ ಕಾವು ಗೋಡೆಯೊಳಗಿಂದ ಬಂದು ಮೊಳಕೆಗೆ ಹಿತವಾಗಿರುತ್ತದೆ. ಚಿಟ್ಟೆಹುಳು ಕೊರೆಯದ ಹಾಗೆ ಹುಂಜದ ಪುಡಿ ಉದುರಿಸುತ್ತೇವೆ. ಪೊಟ್ಟಣದ ಮೇಲೆ ಹುಂಜದ ಚಿತ್ರವಿರುತ್ತದಲ್ಲ, ಅದೇ. ಹಲಗೆಗಳ ಸಂದಿಯಿಂದ ಸ್ವಲ್ಪ ಕೆಳಗೆ ಬೀಳುತ್ತದೆ, ಬೆಳಿಗ್ಗೆ ಕಂಬಳಿ ಕೊಡವಿದರೆ ಆಯಿತು. ಈ ನೀಲಗಿರಿಯ ಊರಿನಲ್ಲಿ ನಮ್ಮಂಥ ಮೈಸೂರು ಕಡೆಯವರ ಮನೆ, ಇಲ್ಲಿನ ಮೂಲದವರಾದ ಬಡಗರ ಮನೆ ಎನ್ನದೆ ಎಲ್ಲರದೂ ಇದೇ ರೀತಿ.

ಅದರ ಕೆಳಗೆ ಯಾರು ಮಲಗುತ್ತಾರೆ ಎಂದು ಕೇಳಿದ್ದೀಯ. ಈಗ ರೂಪಶ್ರೀ. ಸಂತೋಷದ ಸುದ್ದಿಯನ್ನು ಕೊನೆಗೆ ಇಟ್ಟಿದ್ದೇನೆ, ಲಾಸ್ಟ್ ಬಟ್ ನಾಟ್ ದಿ ಲೀಸ್ಟ್. ನಿನ್ನ ತಮ್ಮನ ಹೆಂಡತಿಗೆ ಮೂರು ತಿಂಗಳು. ಹೋದ ವರ್ಷದ್ದು ನಿಲ್ಲಲಿಲ್ಲ, ನಿನಗೆ ಗೊತ್ತು. ತಾಯಿಯಿಲ್ಲದ ಹುಡುಗಿ, ಬಾಣಂತನಕ್ಕೆ ಹೋಗಲು ತವರೂ ಇಲ್ಲ. ಅದಕ್ಕೇ ಮನೆಯ ಅತ್ಯಂತ ಬೆಚ್ಚನೆ ಕೋಣೆಯನ್ನು ಅವಳಿಗೆ ಬಿಟ್ಟಿದ್ದೇವೆ. ನಿನ್ನಮ್ಮ ನಿನ್ನನ್ನು ಹೆತ್ತದ್ದೂ ಅಲ್ಲೇ. ಗಂಟಲಿನ ಆಪರೇಷನ್ನಿಗೆ ಕೊಯಮತ್ತೂರಿಗೆ ಹೋಗುವ ತನಕ ಅವಳು ಮಲಗಿದ್ದೂ ಅಲ್ಲೇ.

ಇಷ್ಟೆಲ್ಲ ಯಾಕೆ ಕೇಳುತ್ತಿದ್ದೀಯ?

ಇಲ್ಲಿ ಮಂಜು ಹೆಚ್ಚು, ಮಾತು ಕಡಿಮೆ,
ನಿನ್ನ ಅಪ್ಪ ನಂಜುಂಡೇಶ


ಹೈದರಾಬಾದು
ನವೆಂಬರ್ 3, 2008

ಅಪ್ಪಾ,

ಸುದ್ದಿ ಕೇಳಿ ಸಂತೋಷವಾಯಿತು. ಈ ವಾಕ್ಯವನ್ನು ನಾಲ್ಕು ಸಲ ಬರೆದು ಹರಿದೆ, ನಿಜವಾಗಿಯೂ ಸಂತೋಷವಾಯಿತು.

ಯಾಕೆ ಕೇಳುತ್ತಿದ್ದೇನೆ ಎಂದರೆ, ಜನ ಬಳಸುವ ರಾಸಾಯನಿಕಗಳು ಸಾವಿರಾರು. ಒಂದೊಂದರ ಸುರಕ್ಷತೆಯನ್ನು ಪೂರ್ತಿ ಪರೀಕ್ಷಿಸಲು ವರ್ಷಗಳೇ ಬೇಕು. ಎಲ್ಲವನ್ನೂ ಮಾಡಲು ಆಗದು, ಯಾವುದು ಮೊದಲು ಎಂದು ತೀರ್ಮಾನಿಸಬೇಕು. ನಮ್ಮ ಪ್ರಯೋಗಾಲಯದಲ್ಲಿ ಒಂದು ಯಂತ್ರವಿದೆ. ಇಡ್ಲಿ ತಟ್ಟೆಯನ್ನು ಅಂಗೈಯಷ್ಟಕ್ಕೆ ಕುಗ್ಗಿಸಿ, ಅದರಲ್ಲಿ ನೂರಾರು ಕುಳಿ ಮಾಡಿದ ಹಾಗೆ. ಪ್ರತಿ ಕುಳಿಯಲ್ಲೂ ಜೀವಕೋಶಗಳಿರುತ್ತವೆ. ಯಂತ್ರ ತಾನಾಗಿಯೇ ಒಂದೊಂದಕ್ಕೂ ಒಂದೊಂದು ರಾಸಾಯನಿಕದ ಹನಿ ಹಾಕುತ್ತದೆ. ಕೋಶ ಕದಡಿದರೆ ಆ ಕುಳಿ ಹೊಳೆಯುತ್ತದೆ. ಹೊಳೆದದ್ದೆಲ್ಲ ವಿಷವಲ್ಲ ಅಪ್ಪಾ. ಅಲ್ಲಿ ನೋಡಿ ಎಂದು ಬೆರಳು ತೋರಿಸಿದಂತೆ, ಅಷ್ಟೇ.

ಎರಡನೆಯ ಪ್ರಶ್ನೆ, ಅದು ಜನರ ಮೈಗೆ ಎಷ್ಟು ತಾಗುತ್ತದೆ ಎನ್ನುವುದು. ಚೆನ್ನಾಗಿ ಹೊಳೆದದ್ದು ಯಾರಿಗೂ ತಾಗದಿದ್ದರೆ ಅದು ಕಾಯಬಹುದು. ಎರಡನ್ನೂ ಸೇರಿಸಿ ಸಾಲು ಮಾಡುತ್ತೇವೆ. ಸಾಲಿನ ಮುಂದಿರುವ ಕೆಲವು ಮಾತ್ರ ಪೂರ್ಣ ಪರೀಕ್ಷೆಗೆ ಹೋಗುತ್ತವೆ. ಸಾಲು ತೀರ್ಮಾನವಾಗುವ ಸಭೆ ಮಾರ್ಚಿನಲ್ಲಿ.

ಯಾವುದು ಹೊಳೆಯಿತು ಎಂದು ಹೊರಗೆ ಹೇಳುವಂತಿಲ್ಲ. ಒಂದು ಪುಡಿಯ ಬಗ್ಗೆ ನಮ್ಮ ಕಡತದಲ್ಲಿ, "ಬೀಜದ ಗೋದಾಮಿನಲ್ಲಿ ಬಳಕೆ, ಜನವಸತಿ ಇಲ್ಲ" ಎಂದು ಬರೆದಿದೆ ಎಂದಷ್ಟೇ ಹೇಳುತ್ತೇನೆ.

ಇದರ ಜೊತೆ ಬಟ್ಟೆಯ ತುಂಡುಗಳ ಪೊಟ್ಟಣಗಳಿವೆ. ಊರಿನ ಹತ್ತು ಮನೆಗಳಲ್ಲಿ, ಅಟ್ಟದ ಕೆಳಗಿನ ಕೋಣೆಯ ನೆಲ, ಕಿಟಕಿ ಹಲಗೆ, ಮಂಚದ ಕಟ್ಟು ಒರೆಸಿ, ಮುಚ್ಚಿ ಕಳಿಸಿ. ನೀವು ಹೇಳಿದರೆ ಜನ ಕೇಳುತ್ತಾರೆ.

ರೂಪಶ್ರೀ ಆ ಕೋಣೆಯಲ್ಲೇ ಮಲಗಬೇಕೇ? ಮುಂದಿನ ಹಜಾರದಲ್ಲಿ ಮಲಗಿದರೆ ಆಗದೇ?

ಶಾಂತಲಾ


ನಂಜನಾಡು
ಡಿಸೆಂಬರ್ 8, 2008

ಮಗಳೇ,

ಮಿಷನ್ ಅಕಂಪ್ಲಿಷ್ಡ್! ಹತ್ತು ಮನೆಯ ಬಟ್ಟೆ ತುಂಡುಗಳನ್ನು ಪಾರ್ಸೆಲ್ ಮಾಡಿದ್ದೇನೆ. ಊಟಿಯ ಅಂಚೆ ಕಚೇರಿಯಲ್ಲಿ ಒಳಗೇನಿದೆ ಎಂದು ಕೇಳಿದರು. "ಧೂಳು" ಎಂದೆ. ಆ ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಊಟಿ ಧೂಳಿಗೂ ಗಿರಾಕಿ ಇದ್ದಾರಾ ಸಾರ್?" ಎಂದಳು.

ಮೊದಲು ಮೇಲಿನ ಹಟ್ಟಿಯ ಅಮ್ಮಣಿಯ ಮನೆಗೆ ಹೋದೆ. ಹೆಗಲಿಗೆ ಬಿಳಿ ಸೆರಗು ಕಟ್ಟಿಕೊಂಡು, ಸೊಂಟದ ಮೇಲೆ ಕೈಯಿಟ್ಟು ಬಾಗಿಲಿಗೇ ನಿಂತಳು.

"ಎನ್ನ ಮನೆ ಧೂಳ ನಿನ್ನ ಮಗಳಿಗೆ ಯಾಕೆ? ಐದ್ರಾಬಾದಿಲಿ ಧೂಳಿಲ್ಲೆಯಾ?"

"ಪರೀಕ್ಷೆಗೆ ಅಮ್ಮಣಿ. ಸೈನ್ಸ್."

"ಪರೀಕ್ಷೆ ಬರೆದವ ನೀ, ಎರಡ್ವರ್ಷಕ್ಕೆ ಓಡಿ ಬಂದವ. ಎನ್ನ ಮನೆಯ ನೀ ಪರೀಕ್ಷೆ ಮಾಡ್ವಿಯಾ?" ಎಂದು ನಕ್ಕು, "ಸರಿ, ನಾಳೆ ಬಾ" ಎಂದಳು.

ಎಲ್ಲರೂ ನಾಳೆ ಬಾ ಎಂದರು. ಮಾರನೆಯ ದಿನ ನೋಡುತ್ತೇನೆ, ಹಬ್ಬದ ಹಾಗೆ ಊರೆಲ್ಲ ಸಗಣಿ ಸಾರಿಸಿದ ವಾಸನೆ! ಹಾಲನ್ ಮುದುಕ ಮಂಚವನ್ನೇ ಅಂಗಳಕ್ಕೆ ತಂದು ಬಿಸಿನೀರು ಹೊಯ್ಯುತ್ತಿದ್ದ. ಅಮ್ಮಣಿಯ ಮನೆಯ ನೆಲದಲ್ಲಿ ನನ್ನ ಮುಖ ಕಾಣುತ್ತಿತ್ತು. ನಂಜನಾಡಿನ ಹೆಂಗಸರು ಮನೆಯನ್ನು ಎಷ್ಟು ಚೊಕ್ಕಟವಾಗಿ ಇಡುತ್ತಾರೆ ಎಂದು ನಿನ್ನ ಸಾಹೇಬರೂ ನೋಡಲಿ.

ನಮ್ಮ ಮನೆಯದು ಅದಕ್ಕಿಂತ ಒಂದು ಕೈ ಮೇಲು. ನಿರಂಜನ್ ಕೂನೂರಿಗೆ ಹೋಗಿದ್ದ, ನಾನು ಊರು ಸುತ್ತುತ್ತಿದ್ದೆ. ಬಂದು ನೋಡಿದರೆ ರೂಪಶ್ರೀ ಅಟ್ಟದ ಮೇಲೆ! ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಲಗೆಯ ಸಂದಿ ಸಂದಿಗೂ ಕಡ್ಡಿ ಪೊರಕೆ ಹಾಕಿ ಗುಡಿಸುತ್ತಿದ್ದಾಳೆ. ಮಂಜಿನಲ್ಲಿ ನಿಂತ ಹಾಗೆ ಬೆಳ್ಳಗಾಗಿದ್ದಾಳೆ. "ಇಳಿಯಮ್ಮಾ, ಐದು ತಿಂಗಳ ಬಸುರಿ" ಎಂದು ಗದರಿದೆ. "ಅತ್ತಿಗೆ ನನ್ನ ಮನೆ ಧೂಳನ್ನ ಭೂತಗನ್ನಡಿಯಲ್ಲಿ ನೋಡ್ತಾರೆ ಮಾವ. ಏನಂದುಕೊಳ್ಳಲ್ಲ?" ಎಂದಳು. ಕೇಳಿ ನನಗೆ ಹೆಮ್ಮೆಯೇ ಆಯಿತು.

ಹಜಾರದಲ್ಲಿ ಅವಳನ್ನು ಮಲಗಿಸುವ ಮಾತಿಗೆ ನಿರಂಜನ್ ಒಪ್ಪಲಿಲ್ಲ. ಬೆಳಗಾದರೆ ಹುಲ್ಲಿನ ಮೇಲೆ ಹಿಮ ಕೂತಿರುತ್ತದೆ, ಈ ಚಳಿಯಲ್ಲಿ ಬಸುರಿಯನ್ನು ಹೊರಗೆ ಹಾಕುವವರುಂಟೇ?

ಬಟ್ಟೆ ಒರೆಸಿ ಒರೆಸಿ ಕೈ ನೋಯುತ್ತಿರುವ,
ನಿನ್ನ ಫೀಲ್ಡ್ ಆಫೀಸರ್,
ಅಪ್ಪ


ಹೈದರಾಬಾದು
ಡಿಸೆಂಬರ್ 22, 2008

ಅಪ್ಪಾ,

ನಿರಂಜನನ ಫೋನಿಗೆ ದಿನವಿಡೀ ಪ್ರಯತ್ನಿಸಿದೆ, ಎಂದಿನಂತೆ ಸಿಗಲಿಲ್ಲ. ಈ ಕಾಗದ ಸೇರಿದ ಕೂಡಲೇ ಮಾಡಬೇಕಾದದ್ದನ್ನು ಮೊದಲು ಬರೆಯುತ್ತೇನೆ. ರೂಪಶ್ರೀ ಇನ್ನು ಆ ಅಟ್ಟ ಹತ್ತಬಾರದು. ಆ ಕೋಣೆಯಲ್ಲಿ ಮಲಗಬಾರದು. ಅವತ್ತು ಉಟ್ಟ ಸೀರೆಯನ್ನು ಬೇರೆಯಾಗಿ ಒಗೆಸಿ. ಊಟಿಯ ಡಾಕ್ಟರಿಗೆ ತೋರಿಸಿ, ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ. ಏನು ಎತ್ತ ಎಂದು ನಿರಂಜನ್ ಕೇಳಿದರೆ ಅಕ್ಕ ಹೇಳಿದಳು ಎನ್ನಿ.

ಹೇಳುವಂತಿಲ್ಲ ಎಂದಿದ್ದೆ. ಹೇಳುತ್ತಿದ್ದೇನೆ. ಹೊಳೆದದ್ದು ಹುಂಜದ ಪುಡಿಯೇ. ಗಂಟಲಿನ ಥೈರಾಯ್ಡ್ ಗ್ರಂಥಿಗೆ ಸಂಬಂಧಪಟ್ಟ ಕುಳಿಗಳಲ್ಲಿ ಹೊಳೆಯಿತು. ಬಸುರಿನ ಕೂಸಿನ ಮಿದುಳು ಬೆಳೆಯುವುದಕ್ಕೆ ಬೇಕಾದದ್ದು ಅದೇ. ಕೋಶದಲ್ಲಿ ಕಂಡದ್ದು ಮನುಷ್ಯರಲ್ಲಿ ಆಗಲೇಬೇಕೆಂದಿಲ್ಲ. ಅದು ತಿಳಿಯುವುದು ಪೂರ್ಣ ಪರೀಕ್ಷೆಯಿಂದಲೇ.

ಆ ಪರೀಕ್ಷೆಗೆ ಅದು ಹೋಗುವುದಿಲ್ಲ. ನೀವು ಕಳಿಸಿದ ಬಟ್ಟೆಗಳಲ್ಲಿ ಏನೂ ಇಲ್ಲ. ತೊಳೆದ ಮನೆಯಲ್ಲಿ ಏನು ಸಿಗುತ್ತದೆ? ಮೊದಲು ನಮ್ಮಲ್ಲಿ ಮಾಹಿತಿ ಇರಲಿಲ್ಲ. ಈಗ ಮಾಹಿತಿಯೇ ಬಂದಿದೆ, ನಂಜನಾಡಿನ ಮನೆಗಳಲ್ಲಿ ಪುಡಿ ಇಲ್ಲ ಎಂದು. ಸಾಲಿನಲ್ಲಿ ಅದು ಇನ್ನೂ ಹಿಂದಕ್ಕೆ ಹೋಗುತ್ತದೆ.

ತಪ್ಪು ನನ್ನದು. ಗುಡಿಸಬೇಡಿ ಎಂದು ನಾನು ಬರೆಯಲಿಲ್ಲ. ಹೊಸ ಪೊಟ್ಟಣಗಳನ್ನು ಕಳಿಸಿದ್ದೇನೆ. ಫೆಬ್ರವರಿಯವರೆಗೆ ಕಾದು, ಆಮೇಲೆ ಒರೆಸಿ. ಈ ಸಲ ಜನ ದಿನವೂ ಬದುಕುವ ಹಾಗೇ ಬದುಕಲಿ, ದಿನಕ್ಕೆಷ್ಟು ಗುಡಿಸುತ್ತಾರೋ ಅಷ್ಟೇ. ಮಲಗುವ ಕೋಣೆಯಲ್ಲಿ ಮಲಗಿರಬೇಕು, ಒಲೆ ಉರಿಯಬೇಕು. ಪುಡಿ ನೆಲಕ್ಕೆ ಬಿದ್ದು ಜನರ ಮೈಗೆ ಹೇಗೆ ಹೋಗುತ್ತದೆ ಎನ್ನುವುದೇ ಪ್ರಶ್ನೆ. ಏನನ್ನೂ ಬದಲಾಯಿಸಬೇಡಿ.

ರೂಪಶ್ರೀಯನ್ನು ಮಾತ್ರ ಇವತ್ತೇ ಹೊರಗೆ ಕರೆತನ್ನಿ.

ಶಾಂತಲಾ


ನಂಜನಾಡು
ಜನವರಿ 5, 2009

ಶಾಂತಲಾ,

ನಿನ್ನ ಕಾಗದ ಬರುವ ಮೊದಲೇ ರೂಪಶ್ರೀಗೆ ರಕ್ತ ಕಾಣಿಸಿಕೊಂಡಿತು. ಬಾಡಿಗೆ ಜೀಪಿನಲ್ಲಿ ಊಟಿ ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರಮ್ಮ ಕೂಸಿನ ಎದೆಬಡಿತ ಕೇಳಿಸಿದರು. ಇದೆ. ಮಲಗೇ ಇರಬೇಕು, ಕಾಯಬೇಕು ಎಂದಿದ್ದಾರೆ. ರಕ್ತ ಕಾಣಿಸಿದ್ದು ಏಣಿ ಹತ್ತಿದ್ದರಿಂದಲೋ, ಪುಡಿಯಿಂದಲೋ, ಯಾವುದರಿಂದಲೂ ಅಲ್ಲವೋ, ಹೇಳಲಾಗದು ಎಂದರು. ನಿನ್ನ ಕಾಗದವನ್ನು ತೋರಿಸಿದ ಮೇಲೆ ಥೈರಾಯ್ಡ್ ಪರೀಕ್ಷೆ ಮಾಡಿದರು. ಸ್ವಲ್ಪ ಕಡಿಮೆಯಿದೆಯಂತೆ. ಮಾತ್ರೆ ಕೊಟ್ಟಿದ್ದಾರೆ.

ಮನೆಗೆ ಬಂದ ಮೇಲೆ ನಿರಂಜನ್ ನನ್ನ ಮೇಲೆ ಹಾರಾಡಿದ.

"ಅಕ್ಕಂಗೆ ಅಕ್ಟೋಬರ್‌ನಲ್ಲೇ ಗೊತ್ತಿತ್ತು. ಬಾಯಿ ಬಿಡಲಿಲ್ಲ. ನಿಮ್ಮ ಕೈಲಿ ಬಟ್ಟೆ ಕೊಟ್ಟು ಆಟ ಆಡಿಸಿದ್ಲು."

"ಅವಳಿಗೂ ಖಚಿತ ಇರಲಿಲ್ಲವೋ."

"ಈಗ ಖಚಿತವಾ? ಆ ಪುಡಿ ಬಿಟ್ಟರೆ ಬೀಜ ಹುಳುವಿನ ಪಾಲು. ಅದಕ್ಕೆ ಅವಳ ಮೆಷಿನ್ನು ಏನು ಹೇಳ್ತದೆ, ಕೇಳಿ."

ಇಷ್ಟು ಕೂಗಾಡಿದವನೇ ಮಂಚ ಎತ್ತಿ ಹಜಾರಕ್ಕೆ ತಂದ, ಬಾಗಿಲ ಸಂದಿಗೆ ಗೋಣಿ ತುರುಕಿದ. ರೂಪಶ್ರೀಗೆ ಮೂರು ಕಂಬಳಿ. ಬೀಜ ಮಾತ್ರ ಅಟ್ಟದಲ್ಲೇ ಇದೆ. ಈ ಹಿಮಕ್ಕೆ ಅದನ್ನು ಇಳಿಸಿ ಇಡುವ ಜಾಗ ಇಲ್ಲ.

ಅವಳು ಗುಡಿಸಿದ ಧೂಳು ಬಾಗಿಲ ಹಿಂದೆ ಡಬ್ಬದಲ್ಲಿ ಹಾಗೇ ಇದೆ. ಗುಡಿಸಿ ಮುಗಿಯುವಷ್ಟರಲ್ಲಿ ಸಂಜೆ ದೀಪ ಹಚ್ಚಿಯಾಗಿತ್ತು. ದೀಪ ಹಚ್ಚಿದ ಮೇಲೆ ಕಸ ಹೊರಗೆ ಹಾಕುವ ಪದ್ಧತಿ ನಮ್ಮಲ್ಲಿಲ್ಲ, ಆಮೇಲೆ ಮರೆತೆವು. ಅದು ಬೇಕಾ?

ನಿನ್ನಮ್ಮನ ಗಂಟಲಿನ ವಿಷಯ ನಾನು ಕೇಳುವುದಿಲ್ಲ. ನೀನೂ ಹೇಳಬೇಡ.

ಅಪ್ಪ


ಹೈದರಾಬಾದು
ಜನವರಿ 14, 2009

ಅಪ್ಪಾ,

ನಿರಂಜನ್ ಹೇಳಿದ್ದು ಸರಿ. ಅವನಿಗೆ ಬೇರೆ ಕಾಗದ ಬರೆದಿದ್ದೇನೆ. ಓದುತ್ತಾನೋ ಇಲ್ಲವೋ.

ಪುಡಿಯ ಹೆಸರು ನಿಮಗೆ ಹೇಳಿದ್ದನ್ನು ಇಲ್ಲಿನ ಮುಖ್ಯಸ್ಥೆ ಇಂದ್ರಾಣಿ ಅವರಿಗೆ ನಾನೇ ತಿಳಿಸಿದೆ. "ಸಾಲು ಮಾಡುವುದು ಯಾರನ್ನು ಕಾಯಲು ಬಿಡಬಹುದು ಎಂದು ತಿಳಿಯುವುದಕ್ಕೆ. ನಿನ್ನ ನಾದಿನಿಗೆ ಕಾಯಲು ಹೇಳಲು ನಿನ್ನಿಂದ ಆಗಲಿಲ್ಲ" ಎಂದರು. ಬೈದರೋ, ಬಿಟ್ಟರೋ, ನನಗೆ ಇನ್ನೂ ತಿಳಿದಿಲ್ಲ. ನಮ್ಮ ಮನೆಯ ಪೊಟ್ಟಣವನ್ನು ಮಾತ್ರ ಇನ್ನು ಬೇರೆಯವರು ತೆರೆಯುತ್ತಾರೆ.

ಡಬ್ಬದ ಧೂಳು ಲೆಕ್ಕಕ್ಕೆ ಬರುವುದಿಲ್ಲ. ಗುಡ್ಡೆ ಹಾಕಿದ ಧೂಳಿನಿಂದ ಜನರಿಗೆ ಎಷ್ಟು ತಾಗಿತೆಂದು ಹೇಳಲಾಗದು. ಮುಚ್ಚಳ ತೆಗೆಯಬೇಡಿ. ಫೆಬ್ರವರಿಯ ಬಟ್ಟೆಗಳೇ ಬೇಕು. ಬದುಕುತ್ತಿರುವ ಮನೆಯಿಂದ.

ರೂಪಶ್ರೀ ಮಾತ್ರೆ ತಪ್ಪಿಸದಿರಲಿ.

ಶಾಂತಲಾ


ನಂಜನಾಡು
ಫೆಬ್ರವರಿ 24, 2009

ಮಗಳೇ,

ಎರಡನೆಯ ಪಾರ್ಸೆಲ್ ಹೋಗಿದೆ. ಈ ಸಲ ಸೈನ್ಸಿಗಿಂತ ಡಿಪ್ಲೊಮಸಿ ಹೆಚ್ಚು ಬೇಕಾಯಿತು.

ಊರ ಹೆಂಗಸರಿಗೆ ಹೇಳಿದೆ, ತಾಯಂದಿರಾ, ಬಟ್ಟೆ ತರುತ್ತೇನೆಂದು ಗುಡಿಸಬೇಡಿ. ದಿನಾ ಗುಡಿಸುವುದನ್ನು ಗುಡಿಸಿ, ಅದಕ್ಕಿಂತ ಹೆಚ್ಚು ಬೇಡ. ಅಮ್ಮಣಿ ಸಿಟ್ಟಾದಳು. "ಆಗ ಧೂಳಿಲ್ಲೆ ಅಂದು ತಪ್ಪು, ಈಗ ಧೂಳಿದ್ದರೆ ಸರಿಯಾ? ಎನ್ನ ಕೊಳಕಿ ಅಂದು ಐದ್ರಾಬಾದಿಲಿ ಬರೆದು ಇಡ್ವಿಯಾ?" ನಾನು ರೂಪಶ್ರೀಯ ಸಂಗತಿ ಹೇಳಿದೆ. ಅವಳ ಸೊಸೆ ತೇನ್ಮೊಳಿ ಎರಡನೆಯದನ್ನು ಹೊತ್ತಿದ್ದಾಳೆ, ಆ ಮನೆಯ ಬೆಚ್ಚನೆ ಕೋಣೆಯಲ್ಲೇ ಮಲಗುತ್ತಾಳೆ. ಅಮ್ಮಣಿಯ ಸಿಟ್ಟು ಇಳಿಯಿತು. ನಾನು ಒರೆಸಲು ಹೋದ ದಿನ ಕೋಣೆಯ ಬಾಗಿಲನ್ನು ತಾನೇ ತೆರೆದು, ನಾನು ಮುಗಿಸುವ ತನಕ ಗೋಡೆ ಕಡೆ ಮುಖ ಮಾಡಿ ನಿಂತಿದ್ದಳು. ಬೇರೆಯವರ ಕಣ್ಣಿಗೆ ಧೂಳು ತೋರಿಸುವ ಕಷ್ಟ ಏನೆಂದು ಅವಳ ಬೆನ್ನು ನೋಡಿ ತಿಳಿಯಿತು. ಹೊರಡುವಾಗ ಹೇಳಿದಳು, "ತೇನ್ಮೊಳಿ ಇಂದಿಂದ ಎನ್ನ ಪಕ್ಕ ಮಲಗ್ವಳು."

ಹಾಲನ್ ಒಪ್ಪಲೇ ಇಲ್ಲ. "ನಿನ್ನ ಮಗಳು ಪುಡಿ ನಿಲ್ಲಿಸಿದರೆ ಹುಳುವಿಗೆ ನೀ ಪಹರೆ ಕೂರ್ವಿಯಾ?" ಎಂದ. ಆದ್ದರಿಂದ ಒಂಬತ್ತೇ ಮನೆ.

ರೂಪಶ್ರೀ ಹಜಾರದಲ್ಲಿದ್ದಾಳೆ. ಕೂಸು ಒದೆಯುತ್ತಿದೆ. ನಿರಂಜನ್ ನನ್ನ ಜೊತೆ ಮಾತಾಡುವುದಿಲ್ಲ, ಬೆಳಗಿನ ಕಾಫಿ ಮಾತ್ರ ಅವನೇ ತಂದಿಟ್ಟು ಹೋಗುತ್ತಾನೆ. ನೀನು ಹೇಳಿದ ಹಾಗೇ ನಮ್ಮ ಮನೆಯಲ್ಲಿ ಒಲೆ, ಅಟ್ಟ, ಕೋಣೆ ಎಲ್ಲ ಆಸ್ ಯೂಶುವಲ್.

ಆಲ್ ಕರೆಕ್ಟ್ ಎಂದು ದೃಢೀಕರಿಸುವ,
ಅಪ್ಪ


ನಂಜನಾಡು
ಮಾರ್ಚ್ 9, 2009

ಅತ್ತಿಗೆಗೆ ರೂಪಶ್ರೀಯ ನಮಸ್ಕಾರ.

ನಿಮಗೆ ನಾನು ಇದುವರೆಗೆ ಕಾಗದ ಬರೆದಿಲ್ಲ. ಮಲಗಿಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ ಇದ್ದರೆ ಕ್ಷಮಿಸಿ.

ಅವತ್ತು ನಾನು ಗುಡಿಸಬಾರದಿತ್ತು. ನಿಮ್ಮ ಕೆಲಸವೂ ಕೆಟ್ಟಿತು ಎಂದು ಮಾವ ಹೇಳಿದರು. ಅದಕ್ಕಲ್ಲ ಈ ಕಾಗದ.

ಜನವರಿಯಿಂದ ಮಾವ ಅಟ್ಟದ ಕೆಳಗಿನ ಕೋಣೆಯಲ್ಲಿ ಮಲಗುತ್ತಿದ್ದಾರೆ. ನನ್ನ ಮಂಚ ಹೊರಗೆ ಬಂದ ದಿನವೇ ತಮ್ಮ ಚಾಪೆ ಒಳಗೆ ತೆಗೆದುಕೊಂಡು ಹೋದರು. ಇವರು ಬೇಡವೆಂದು ಎಷ್ಟೋ ಕೂಗಾಡಿದರು. "ಏನನ್ನೂ ಬದಲಾಯಿಸಬಾರದು ಅಂತ ಶಾಂತಲಾ ಬರೆದಿದ್ದಾಳೆ. ಖಾಲಿ ಕೋಣೆ ಒರೆಸಿ ಕಳಿಸಿದರೆ ಮತ್ತೆ ಸುಳ್ಳಾಗ್ತದೆ" ಅನ್ನುತ್ತಾರೆ. ಬಟ್ಟೆ ಕಳಿಸಿಯಾದ ಮೇಲೂ ಹೊರಗೆ ಬಂದಿಲ್ಲ. ಮತ್ತೆ ಕೇಳಿದರೆ ಬೇಕಲ್ಲ ಅನ್ನುತ್ತಾರೆ. ಬೆಳಿಗ್ಗೆ ಕೆಮ್ಮುತ್ತಾರೆ. ಎದ್ದು ಬಂದಾಗ ಹುಬ್ಬಿನ ಮೇಲೆ ಬಿಳೀ ಪುಡಿ ಇರುತ್ತದೆ, ನಾನು ನೋಡುತ್ತಿದ್ದೇನೆ ಎಂದು ಗೊತ್ತಾದರೆ ಒರೆಸಿಕೊಳ್ಳುತ್ತಾರೆ.

ನೀವು ನಿಜವಾಗಿ ಹಾಗೆ ಹೇಳಿದ್ದೀರಾ ಅತ್ತಿಗೆ?

ರೂಪಶ್ರೀ


ಹೈದರಾಬಾದು
ಮಾರ್ಚ್ 18, 2009

ಅಪ್ಪಾ,

ನಿನ್ನೆ ಸಭೆ ನಡೆಯಿತು. ಒಂಬತ್ತು ಮನೆಯ ಬಟ್ಟೆಗಳಲ್ಲೂ ಪುಡಿ ಸಿಕ್ಕಿದೆ. ಕಡತದಲ್ಲಿದ್ದ "ಜನವಸತಿ ಇಲ್ಲ" ಎನ್ನುವ ಸಾಲನ್ನು ಇಂದ್ರಾಣಿ ಅವರು ಎಲ್ಲರ ಮುಂದೆ ಹೊಡೆದು ಹಾಕಿದರು. ಪೂರ್ಣ ಪರೀಕ್ಷೆಗೆ ಮೊದಲು ಹೋಗುವ ಗುಂಪಿಗೆ ಹುಂಜದ ಪುಡಿ ಸೇರಿದೆ. ಫಲಿತಾಂಶ ಬರಲು ಎರಡು ವರ್ಷವಾದರೂ ಬೇಕು. ಅದು ನಿರಪರಾಧಿ ಎಂದೂ ಬರಬಹುದು. ಹಾಗೆ ಬಂದರೆ ಹಾಲನ್ ಮಾವನ ಕಾಲು ಹಿಡಿಯಲು ನಾನೇ ಬರುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಸಿಕ್ಕಿದ್ದು ನಮ್ಮ ಮನೆಯ ಬಟ್ಟೆಯಲ್ಲಿ. ಅದನ್ನು ಪರದೆಯ ಮೇಲೆ ತೋರಿಸುವಾಗ ನನ್ನ ಕೈಚೀಲದಲ್ಲಿ ರೂಪಶ್ರೀಯ ಕಾಗದ ಇತ್ತು.

ಬದಲಾಯಿಸಬೇಡಿ ಎಂದು ನಾನು ಬರೆದದ್ದು ಪೊರಕೆಯ ಬಗ್ಗೆ ಅಪ್ಪಾ. ನಿಮ್ಮ ಬಗ್ಗೆ ಅಲ್ಲ.

ಇನ್ನು ಬಟ್ಟೆ ಬೇಕಿಲ್ಲ. ಯಾರೂ ಕೇಳುವುದಿಲ್ಲ. ಈ ಕಾಗದ ಓದಿ ಮುಗಿಸಿ ಚಾಪೆ ಹೊರಗೆ ತನ್ನಿ. ತಂದದ್ದನ್ನು ರೂಪಶ್ರೀ ನೋಡಿ ನನಗೆ ಬರೆಯಬೇಕು. ನೀವು ಬರೆದರೆ ನಾನು ನಂಬುವುದಿಲ್ಲ.

ಶಾಂತಲಾ


ನಂಜನಾಡು
ಏಪ್ರಿಲ್ 21, 2009

ಮಗಳು ಶಾಂತಲಾಗೆ,

ಐ ಆಮ್ ವೆರಿ ಗ್ಲಾಡ್ ಟು ಇನ್‌ಫಾರ್ಮ್ ಯು ದಟ್... ಇದರ ಬಾಲ ಕನ್ನಡದಲ್ಲೇ ಇರಲಿ. ಹೆಣ್ಣು ಕೂಸು. ಸ್ವಲ್ಪ ಸಣ್ಣ, ಆದರೆ ಕೂಗು ಹಾಲನ್ ಮನೆಗೂ ಕೇಳಿಸುತ್ತದೆ. ಹಿಮ್ಮಡಿಯಿಂದ ರಕ್ತ ತೆಗೆದು ಪರೀಕ್ಷಿಸಿದರು. ಥೈರಾಯ್ಡ್ ಸರಿಯಾಗಿದೆ, ಮತ್ತೊಮ್ಮೆ ನೋಡಬೇಕು ಎಂದಿದ್ದಾರೆ. ನಿರಂಜನ್ ಆಸ್ಪತ್ರೆಯಲ್ಲಿ ನನ್ನ ಕೈಗೆ ಕೂಸು ಕೊಟ್ಟು, "ಹಿಡ್ಕೊಳ್ಳಿ, ಕೈ ತೊಳೆದಿದ್ದೀರಾ?" ಎಂದ. ಜನವರಿಯ ನಂತರ ನನ್ನ ಜೊತೆ ಆಡಿದ ಮೊದಲ ಮಾತು.

ಬೀಜ ಇಳಿದು ನಾಟಿಯಾಗಿದೆ, ಅಟ್ಟ ಖಾಲಿ. ಹಿಂದಿನ ದಿಬ್ಬದಲ್ಲಿ ಬೀಜಕ್ಕೆಂದೇ ಒಂದು ಮಣ್ಣಿನ ಕೊಟ್ಟಿಗೆ ಕಟ್ಟಲು ನಿರಂಜನ್ ಕಲ್ಲು ಹಾಕಿಸಿದ್ದಾನೆ. ಹಿಮದಿಂದ ಬೀಜ ಉಳಿಯುತ್ತದೋ ಇಲ್ಲವೋ ಬರುವ ಡಿಸೆಂಬರಿಗೆ ಗೊತ್ತಾಗುತ್ತದೆ. ಗೋಡೆ ಎಷ್ಟು ದಪ್ಪ ಇರಬೇಕೆಂದು ನಿನ್ನನ್ನು ಕೇಳಬೇಕಂತೆ. ಅವನು ಬರೆಯುವುದಿಲ್ಲ. ನಾನು ಬರೆದೆ ಎಂದು ಹೇಳಬೇಡ.

ಚಾಪೆಯ ಸಂಗತಿ. ರೂಪಶ್ರೀ ನಿನಗೆ ಬರೆದಿದ್ದಾಳೆ, ಅದು ನಿಜ, ಹೊರಗೆ ತಂದಿದ್ದೇನೆ. ಕೆಮ್ಮು ಕಡಿಮೆಯಾಗಿದೆ. ನಿನ್ನ ಮಾತನ್ನು ತಪ್ಪಾಗಿ ತಿಳಿದೆ ಎಂದು ನೀನು ತಿಳಿದಿದ್ದೀಯ. ಇರಲಿ. ನಿನ್ನಮ್ಮ ಇದ್ದಷ್ಟು ದಿನ ನಾನು ಮಲಗಿದ್ದು ಹಜಾರದಲ್ಲಿ. ನನ್ನ ಗೊರಕೆಗೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಅವಳು ಮಲಗುತ್ತಿದ್ದ ಜಾಗದಲ್ಲಿ ಒಂದು ಚಳಿಗಾಲವಾದರೂ ಮಲಗಿ ನೋಡೋಣ ಎನಿಸಿತು, ಅಷ್ಟೇ.

ಕೂಸನ್ನು ನೋಡಲು ಬಂದವರೆಲ್ಲ, ಏನಿದು, ಬಾಣಂತಿಯನ್ನು ಗಾಳಿಯಲ್ಲಿ ಮಲಗಿಸಿದ್ದೀರಿ, ಒಳಗೆ ಮಲಗಿಸಿ ಎನ್ನುತ್ತಾರೆ. ಹಲಗೆಯ ಸಂದಿಯಲ್ಲಿ ಪುಡಿ ಇನ್ನೂ ಇದೆ, ಅದನ್ನು ತೊಳೆಯುವ ತನಕ ಯಾರೂ ಒಳಗೆ ಹೋಗುವಂತಿಲ್ಲ. ಅವರು ಬಂದಾಗಲೆಲ್ಲ ನನ್ನ ಕುರ್ಚಿಯನ್ನು ಆ ಬಾಗಿಲಿಗೆ ಅಡ್ಡ ಹಾಕಿಕೊಂಡು ಕೂರುತ್ತೇನೆ. ಬಯ್ಯುತ್ತಾರೆ, ಬಯ್ಯಲಿ. ಅವರ ತಪ್ಪೇನೂ ಅಲ್ಲ. ನಾನು ಮಲಗಿ ನೋಡಿದ್ದೇನೆ ಶಾಂತಲಾ, ಆ ಕೋಣೆ ನಿಜವಾಗಿಯೂ ಬೆಚ್ಚಗಿದೆ.

ಬಾಗಿಲ ಬಳಿಯಿಂದ,
ಅಪ್ಪ